ಮಜಗಾಂವ್‌ನಿಂದ ಮಿಷಿಗನ್‌ವರೆಗೆ: ಜೀಪು ರಿಪೇರಿಯ ಚರಿತ್ರೆ

ಜೀಪು ಅಂದ ಕೂಡಲೇ ನಮ್ಮ ಕಡೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಕಣ್ಣ ಮುಂದೆ ಬರುತ್ತದೆ. ಮಲೆನಾಡಿನವರಿಗೆ ಕಾಫಿ ತೋಟದ ಜೀಪು, ಬಯಲುಸೀಮೆಯವರಿಗೆ ತಹಶೀಲ್ದಾರರ ಜೀಪು, ಕರಾವಳಿಯವರಿಗೆ ಕೊಲ್ಲೂರಿನಿಂದ ಕೊಡಚಾದ್ರಿಗೆ ಹತ್ತುವ ಜೀಪು. ಆದರೆ ಭಾರತದಲ್ಲಿ ಜೋಡಣೆಯಾದ ಮೊದಲ ಜೀಪು ನಟ್ಟು ಬೋಲ್ಟು ಬಿಗಿಸಿಕೊಂಡು ನಿಂತದ್ದು ಇದೇ ಮುಂಬೈಯಲ್ಲಿ, ಬಂದರಿನ ಪಕ್ಕದ ಮಜಗಾಂವ್‌ನಲ್ಲಿ ಎಂಬುದು ಇಲ್ಲೇ ಮೂವತ್ತು ನಲವತ್ತು ವರ್ಷ ಕಳೆದ ನಮ್ಮವರಿಗೂ ಅಷ್ಟಾಗಿ ಗೊತ್ತಿಲ್ಲ.

ಜೀಪಿನ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಕೆಲವರು ಅದನ್ನು ಯುದ್ಧದ ಕಥೆಯಾಗಿ ಬರೆದರು, ಕೆಲವರು ಕಂಪನಿಯ ಕಥೆಯಾಗಿ ಬರೆದರು. ನನಗೆ ಮಾತ್ರ ಅದು ರಿಪೇರಿಯ ಕಥೆಯಾಗಿ ಕಾಣುತ್ತದೆ. ಅದನ್ನು ಮಾಡಿದವರಿಗಿಂತ ಬಿಚ್ಚಿ ಜೋಡಿಸಿದವರೇ ಅದಕ್ಕೆ ಆಯುಷ್ಯ ಕೊಟ್ಟರು ಅನ್ನುವುದು ನನ್ನ ವಾದ. ಹೇಗೆ ಅಂತ ನೋಡೋಣ.

49 ದಿನದ ಕೂಸು

1940ರ ಬೇಸಿಗೆ. ಯುರೋಪಿನಲ್ಲಿ ಯುದ್ಧ ಜೋರಾಗಿತ್ತು. ಅಮೆರಿಕದ ಸೈನ್ಯಕ್ಕೆ ಒಂದು ಸಣ್ಣ, ಹಗುರವಾದ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ ಬೇಕಾಯಿತು. 135 ಕಂಪನಿಗಳಿಗೆ ಪತ್ರ ಹೋಯಿತು. ಮಾದರಿ ಗಾಡಿ ತಂದು ನಿಲ್ಲಿಸಲು ಕೊಟ್ಟ ಗಡುವು ಬರೀ 49 ದಿನ! ಆ ಗಡುವಿನಲ್ಲಿ ಗಾಡಿ ಮಾಡಿ ತೋರಿಸಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರ್ ನಕ್ಷೆ ಹಾಕಿದರು. 1940ರ ಸೆಪ್ಟೆಂಬರ್ 23ರಂದು ಗಾಡಿ ಸೈನ್ಯದ ಕೈಗೆ ಹೋಯಿತು.

ಆದರೆ ಬ್ಯಾಂಟಮ್‌ಗೆ ಸಾವಿರ ಲಕ್ಷದ ಲೆಕ್ಕದಲ್ಲಿ ಗಾಡಿ ಮಾಡುವ ಶಕ್ತಿ ಇರಲಿಲ್ಲ. ಸೈನ್ಯ ಅದರ ನಕ್ಷೆಗಳನ್ನು ಒಹಾಯೊ ರಾಜ್ಯದ ಟೊಲೀಡೊದಲ್ಲಿದ್ದ ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿಗೂ ಫೋರ್ಡ್ ಕಂಪನಿಗೂ ತೋರಿಸಿತು. ವಿಲ್ಲಿಸ್‌ನ ಬಾರ್ನಿ ರೂಸ್ ಎಂಬ ಇಂಜಿನಿಯರ್ ತಿದ್ದಿ ತೀಡಿದ 60 ಅಶ್ವಶಕ್ತಿಯ, 2.2 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಗೆದ್ದಿತು. ದೊಡ್ಡ ಆರ್ಡರು ವಿಲ್ಲಿಸ್‌ಗೆ ಹೋಯಿತು. ಅದೇ ನಕ್ಷೆಯ ಗಾಡಿಯನ್ನು ಫೋರ್ಡ್ ಕೂಡ ಮಾಡಿತು. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೀರಿ ಗಾಡಿ ಮಾಡಿದ್ದರು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕಿಂತಲೂ ಕಡಿಮೆ. ಹೆತ್ತವರು ಒಬ್ಬರು, ಸಾಕಿದವರು ಇನ್ನೊಬ್ಬರು ಅಂದರೆ ಇದೇ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ವಿಲ್ಲಿಸ್‌ನ ಮೊದಮೊದಲ ಗಾಡಿಗಳ ಮುಂಭಾಗದಲ್ಲಿ ಇದ್ದದ್ದು ಕಬ್ಬಿಣದ ಪಟ್ಟಿಗಳನ್ನು ವೆಲ್ಡ್ ಮಾಡಿದ ಜಾಲರಿ. ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಉದ್ದುದ್ದ ಸೀಳು ಬಿಟ್ಟ, ಅಗ್ಗದ, ಹಗುರವಾದ ಗ್ರಿಲ್ ತಂದದ್ದು ಫೋರ್ಡ್. ವಿಲ್ಲಿಸ್ ಅದನ್ನೇ ತಾನೂ ತೆಗೆದುಕೊಂಡಿತು. ಇಂದು ಜಗತ್ತೆಲ್ಲ ಜೀಪಿನ ಮುಖ ಎಂದು ಗುರುತಿಸುವುದು ಆ ತಗಡಿನ ಸೀಳುಗಳನ್ನೇ.

ಬಿಚ್ಚುವುದಕ್ಕೆಂದೇ ಮಾಡಿದ ಗಾಡಿ

ಈ ಗಾಡಿಯ ದೊಡ್ಡ ಗುಣ ಅದರ ವೇಗವೂ ಅಲ್ಲ, ಸುಖವೂ ಅಲ್ಲ. ಕೂತರೆ ಸೊಂಟ ನೋಯುತ್ತದೆ ಎನ್ನುವುದು ಕೂತವರಿಗೆಲ್ಲ ಗೊತ್ತು. ಗುಣ ಇರುವುದು ಕೈಗೆ ಸಿಗುವುದರಲ್ಲಿ. ಬಾನೆಟ್ ಎತ್ತಿದರೆ ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಪ್ಲಗ್ಗು, ಡೈನಮೊ ಎಲ್ಲ ಎದುರಿಗೇ ಇವೆ. ಒಂದನ್ನು ಮುಟ್ಟಲು ಇನ್ನೊಂದನ್ನು ಕಳಚಬೇಕಾಗಿಲ್ಲ. ಹೆಡ್‌ಲೈಟುಗಳನ್ನು ಕೀಲಿನ ಮೇಲೆ ಕೂರಿಸಿದ್ದರು. ಕೈಯಲ್ಲೇ ಒಂದು ವಿಂಗ್ ನಟ್ಟು ಸಡಿಲಿಸಿದರೆ ಲೈಟನ್ನು ಹಿಂದಕ್ಕೆ ತಿರುಗಿಸಿ ಇಂಜಿನ್ ಮೇಲೆಯೇ ಬೆಳಕು ಬಿಡಬಹುದಿತ್ತು. ರಾತ್ರಿ ರಿಪೇರಿ ಮಾಡುವವನ ಕಷ್ಟವನ್ನು ನಕ್ಷೆ ಹಾಕುವವನೇ ಯೋಚಿಸಿದ್ದ ನೋಡಿ.

ಎರಡನೆಯ ಗುಣ, ವಿಲ್ಲಿಸ್ ಗಾಡಿಯ ಭಾಗ ಫೋರ್ಡ್ ಗಾಡಿಗೆ, ಫೋರ್ಡ್‌ನದ್ದು ವಿಲ್ಲಿಸ್‌ಗೆ ಕೂರುತ್ತಿತ್ತು. ಫೋರ್ಡ್ ತನ್ನ ಗುರುತಿಗೆಂದು ಬೋಲ್ಟುಗಳ ತಲೆಯ ಮೇಲೂ ಎಫ್ ಅಕ್ಷರ ಒತ್ತಿಸುತ್ತಿತ್ತು. ಆದರೆ ಯುದ್ಧಭೂಮಿಯ ಮೆಕ್ಯಾನಿಕ್ಕಿಗೆ ಆ ಎಫ್ ಕಟ್ಟಿಕೊಂಡು ಏನು? ಕೆಟ್ಟ ಮೂರು ಗಾಡಿ ಸೇರಿಸಿ ಓಡುವ ಎರಡು ಗಾಡಿ ಮಾಡುವುದು ಅವನ ಕೆಲಸವಾಗಿತ್ತು. ಟೈರಿನ ಜಾಗದಲ್ಲಿ ರೈಲಿನ ಚಕ್ರ ಹಾಕಿ ಹಳಿಯ ಮೇಲೆ ಜೀಪು ಓಡಿಸಿದ್ದೂ ಉಂಟು.

1945ರಲ್ಲಿ ವಿಲ್ಲಿಸ್ ಈ ಸೈನಿಕನಿಗೆ ಸಮವಸ್ತ್ರ ಬಿಚ್ಚಿಸಿ ರೈತನ ವೇಷ ಹಾಕಿಸಿತು. ಸಿಜೆ-2ಎ ಎಂಬ ಆ ಗಾಡಿಗೆ ಹಿಂದೆ ತೆರೆಯುವ ಬಾಗಿಲು ಬಂತು. ಇಂಜಿನ್ನಿನ ತಿರುಗುವ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ಪವರ್ ಟೇಕ್ ಆಫ್ ಬೇಕಾದವರಿಗೆ ಸಿಗುತ್ತಿತ್ತು. ಹಿಂದೆ ನೇಗಿಲು ಕಟ್ಟಿ ಉಳಬಹುದು, ಬೇಲಿ ಕಂಬಕ್ಕೆ ಗುಂಡಿ ತೋಡಬಹುದು, ಕಂಪ್ರೆಸರ್ ಓಡಿಸಬಹುದು. ಇಂದು ಅಮೆರಿಕದ ಹೊಲಮನೆಗಳಲ್ಲಿ ಕಾಣುವ, ಇಬ್ಬರು ಅಕ್ಕಪಕ್ಕ ಕೂತು ಓಡಿಸುವ ಸೈಡ್-ಬೈ-ಸೈಡ್ ಎಂಬ ಪುಟ್ಟ ಕೆಲಸದ ಗಾಡಿಗಳಿಗೆ ಇದನ್ನೇ ಅಜ್ಜ ಅನ್ನಬಹುದು.

ಅತ್ತ ಸೈನ್ಯ ಮಾರಿದ ಹಳೆಯ ಜೀಪು ಕೊಂಡವರಿಗೆ ಒಂದು ತೊಂದರೆ ಇತ್ತು. ಎರಡು ಚಕ್ರದ ಎಳೆತದಲ್ಲಿ ಓಡಿಸಿದರೂ ಮುಂದಿನ ಆಕ್ಸಲ್, ಶಾಫ್ಟು ಎಲ್ಲ ಸುಮ್ಮನೆ ತಿರುಗುತ್ತಲೇ ಇದ್ದವು. ಪೆಟ್ರೋಲೂ ದಂಡ, ಸವೆತವೂ ದಂಡ. 1948ರಲ್ಲಿ ಶುರುವಾದ ವಾರ್ನ್ ಎಂಬ ಕಂಪನಿ, ಚಕ್ರದ ಮಧ್ಯದಲ್ಲಿ ಕೈಯಿಂದ ತಿರುಗಿಸಿ ಮುಂದಿನ ಎಳೆತವನ್ನು ಬಿಡಿಸುವ ಲಾಕಿಂಗ್ ಹಬ್ ಮಾಡಿ ಮಾರಿತು. ಜೀಪಿನ ಆಕ್ಸೆಸರಿ ವ್ಯಾಪಾರದ ಬೇರು ಇಂಥ ಕಡೆ ಇದೆ. ಅದು ಶೋಕಿಗೆ ಹುಟ್ಟಿದ್ದಲ್ಲ, ಕೊರತೆ ತುಂಬಲು ಹುಟ್ಟಿದ್ದು. ಫಿಲಿಪ್ಪೀನ್ಸಿನವರಂತೂ ಅಮೆರಿಕನ್ನರು ಬಿಟ್ಟುಹೋದ ಜೀಪುಗಳ ಬೆನ್ನನ್ನು ಉದ್ದ ಮಾಡಿ, ಎದುರು ಬದುರು ಬೆಂಚು ಹಾಕಿ, ಬಣ್ಣ ಬಳಿದು ಜೀಪ್ನಿ ಎಂಬ ಊರ ಬಸ್ಸನ್ನೇ ಮಾಡಿಕೊಂಡರು.

ಮುಂಬೈಗೆ ಬಂದ ಪೆಟ್ಟಿಗೆಗಳು

ಈಗ ನಮ್ಮ ಊರಿಗೆ ಬರೋಣ. 1945ರ ಅಕ್ಟೋಬರಿನಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಆಂಡ್ ಮೊಹಮ್ಮದ್ ಎಂಬ ಕಂಪನಿ ಹುಟ್ಟಿತು. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಎಂಬ ಅಣ್ಣ ತಮ್ಮ, ಜೊತೆಗೆ ಮಲಿಕ್ ಗುಲಾಂ ಮೊಹಮ್ಮದ್. ದೇಶ ಒಡೆದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಅಲ್ಲಿನ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿ ಮಹೀಂದ್ರ ಆಂಡ್ ಮಹೀಂದ್ರ ಆಯಿತು. ಎಂ ಆಂಡ್ ಎಂ ಎನ್ನುವ ಅಕ್ಷರ ಮಾತ್ರ ಬದಲಾಗಲಿಲ್ಲ.

ಯುದ್ಧದ ಕಾಲದಲ್ಲಿ ಕೆ.ಸಿ. ಮಹೀಂದ್ರ ವಾಷಿಂಗ್ಟನ್ನಿನಲ್ಲಿ ಭಾರತದ ಸರಬರಾಜು ಕಚೇರಿಯಲ್ಲಿದ್ದರು. ಅಲ್ಲಿ ಬಾರ್ನಿ ರೂಸ್ ಅವರ ಭೇಟಿಯಾಗಿ ಜೀಪಿನ ಯೋಚನೆ ಹೊಳೆಯಿತು ಎಂಬುದು ಕಂಪನಿ ಹೇಳಿಕೊಂಡು ಬಂದ ಕಥೆ. 1947ರಲ್ಲಿ 75 ಗಾಡಿಗಳು ಬಿಡಿಬಿಡಿ ಭಾಗಗಳಾಗಿ ಅಮೆರಿಕದಿಂದ ಬಂದವು. 1949ರಲ್ಲಿ ಮಜಗಾಂವ್‌ನ ಕಾರ್ಖಾನೆಯಲ್ಲಿ ಜೀಪಿನ ಜೋಡಣೆ ಆಯಿತು. ಅಂದರೆ ಭಾರತಕ್ಕೆ ಜೀಪು ಮೊದಲು ಬಂದದ್ದೇ ಬಿಚ್ಚಿದ ಸ್ಥಿತಿಯಲ್ಲಿ. ಅದನ್ನು ಜೋಡಿಸಿದ ಕೈಗಳಿಗೆ ಯಾವ ನಟ್ಟು ಎಲ್ಲಿ ಕೂರುತ್ತದೆ ಎಂಬುದು ಮೊದಲ ದಿನದಿಂದಲೇ ಗೊತ್ತಾಯಿತು. ಇದು ಸಣ್ಣ ವಿಷಯವಲ್ಲ.

ಇದೇ ಕಾಲದಲ್ಲಿ ಜೀಪಿನ ರಿಪೇರಿಯ ಹೆಸರಲ್ಲೇ ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಆಯಿತು. 1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೈನ್ಯಕ್ಕಾಗಿ ಸುಮಾರು 80 ಲಕ್ಷ ರೂಪಾಯಿಯ ಜೀಪು ಒಪ್ಪಂದಕ್ಕೆ ನಿಯಮ ಬದಿಗಿಟ್ಟು ಸಹಿ ಹಾಕಿದರು. ಹೊಸದಲ್ಲ, ರಿಪೇರಿ ಮಾಡಿ ಸಜ್ಜುಗೊಳಿಸಿದ ಹಳೆಯ ಜೀಪುಗಳು. ತಪಾಸಣೆ ಆಗುವ ಮೊದಲೇ ಹಣದ ದೊಡ್ಡ ಪಾಲು ಸಂದಾಯವಾಯಿತು. ಬಂದಿಳಿದದ್ದು 155 ಗಾಡಿ, ಅವೂ ಓಡುವ ಸ್ಥಿತಿಯಲ್ಲಿ ಇರಲಿಲ್ಲ. 1955ರಲ್ಲಿ ಸರ್ಕಾರ ಪ್ರಕರಣವನ್ನು ಮುಗಿಸಿಬಿಟ್ಟಿತು. ಬ್ಯಾಂಕಿನವನಾಗಿ ನನಗೆ ಇದರಲ್ಲಿ ಕಾಣುವ ಪಾಠ ಒಂದೇ. ರಿಪೇರಿ ಆಗಿದೆ ಎಂದು ಕಾಗದ ಹೇಳಿದರೆ ಸಾಲದು, ಗಾಡಿಯ ಅಡಿಗೆ ಮಲಗಿ ಒಬ್ಬ ಮೇಸ್ತ್ರಿ ಹೇಳಬೇಕು.

ಅಡಿಯಲ್ಲಿ ಮಲಗಿದವರು

1950ರ ದಶಕದಲ್ಲಿ ವಿಲ್ಲಿಸ್‌ನ ಜೊತೆ ಒಪ್ಪಂದವಾಗಿ ಜೀಪಿನ ಭಾಗಗಳು ಹಂತ ಹಂತವಾಗಿ ಇಲ್ಲೇ ತಯಾರಾಗತೊಡಗಿದವು. ಬಾನೆಟ್ ಎತ್ತರವಾಗಿದ್ದ ಸಿಜೆ-3ಬಿ ಮಾದರಿ ನಮ್ಮಲ್ಲಿ ನೆಲೆಯೂರಿತು. ಅಮೆರಿಕ ಅದನ್ನು 1968ರಲ್ಲಿ ನಿಲ್ಲಿಸಿದ ಮೇಲೂ ನಾವು ಅದರ ಮಕ್ಕಳು ಮೊಮ್ಮಕ್ಕಳನ್ನು ದಶಕಗಳ ಕಾಲ ಮಾಡುತ್ತಲೇ ಹೋದೆವು. ವಿನ್ಯಾಸ ಹಳೆಯದು ಎಂದು ನಕ್ಕವರಿದ್ದಾರೆ. ಆದರೆ ಹಳೆಯದು ಅನ್ನುವುದರ ಇನ್ನೊಂದು ಅರ್ಥ, ಎಲ್ಲ ಗ್ಯಾರೇಜಿಗೂ ಬಾಯಿಪಾಠವಾದದ್ದು ಎಂದು.

ಆ ಬಾಯಿಪಾಠದ ಒಂದೆರಡು ಪುಟ ಹೇಳುತ್ತೇನೆ ಕೇಳಿ. ಹಳೆಯ ಜೀಪಿನ ಸ್ಟೇರಿಂಗ್ ಒಂದು ವೇಗ ಬಂದ ಕೂಡಲೇ ಗಡಗಡ ನಡುಗುತ್ತದೆ. ಮೇಸ್ತ್ರಿ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತುತ್ತಾನೆ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸುತ್ತಾನೆ. ಆಡಿದರೆ ದೋಷ ಚಕ್ರದ ಬೇರಿಂಗಿನಲ್ಲಿ ಅಥವಾ ಕಿಂಗ್ ಪಿನ್ನಿನಲ್ಲಿ. ಎಡಕ್ಕೆ ಬಲಕ್ಕೆ ಕೈ ಇಟ್ಟು ಅಲ್ಲಾಡಿಸಿದಾಗ ಮಾತ್ರ ಆಡಿದರೆ ದೋಷ ಟೈ ರಾಡಿನ ತುದಿಯಲ್ಲಿ. ಯಂತ್ರವೂ ಬೇಡ, ಮೀಟರೂ ಬೇಡ. ಎರಡು ಕೈ ಸಾಕು.

ಘಟ್ಟ ಇಳಿಯುವಾಗ ಎರಡನೇ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬೀಳುವುದು ಮೂರು ಗೇರಿನ ಜೀಪುಗಳ ಇನ್ನೊಂದು ಖಾಯಂ ಕಾಯಿಲೆ. ಗೇರ್ ಬಾಕ್ಸಿನ ಒಳಗಿನ ಸಿಂಕ್ರೊ ಸವೆದು, ಬೇರಿಂಗು ಸಡಿಲವಾದರೆ ಹೀಗಾಗುತ್ತದೆ. ರಿಪೇರಿಗೆ ದುಡ್ಡಾಗುವವರೆಗೆ ಡ್ರೈವರ್ ಒಂದು ಕೈಯಲ್ಲಿ ಗೇರು ಅದುಮಿ ಹಿಡಿದೇ ಇಳಿಯುತ್ತಿದ್ದ. ಸೆಕೆಯಲ್ಲಿ ಪೈಪಿನೊಳಗೇ ಪೆಟ್ರೋಲು ಆವಿಯಾಗಿ ಇಂಜಿನ್ ನಿಂತರೆ ಫ್ಯುಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತ ಹಾಕಿಕೊಂಡು ಓಡಿಸಿ ಲಿವರ್ ಕಚ್ಚಿಕೊಂಡರೆ ಎಳೆದಾಡಬಾರದು, ಗಾಡಿಯನ್ನು ನೇರವಾಗಿ ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಒಳಗಿನ ಬಿಗಿತ ಬಿಟ್ಟು ಲಿವರ್ ತಾನೇ ಸಡಿಲವಾಗುತ್ತದೆ. ಕಂಪನಿಯ ಮ್ಯಾನುಯಲ್ ಎಲ್ಲ ಇಂಗ್ಲಿಷಿನಲ್ಲಿತ್ತು. ನಮ್ಮ ಗ್ಯಾರೇಜಿನ ಹುಡುಗರು ಕಲಿತದ್ದು ಉಸ್ತಾದನ ಕೈ ನೋಡಿ, ಬೈಗುಳ ಕೇಳಿ.

ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಮತ್ತು ಸ್ಪೇರ್ ಪಾರ್ಟ್ ಅಂಗಡಿಗಳ ಮುಂದೆ ನಡೆದವರಿಗೆ ಗೊತ್ತು. ಒಂದು ಗಾಡಿ ಅಲ್ಲಿಗೆ ಬಂದರೆ ಸಾಯುವುದಿಲ್ಲ, ಹಂಚಿಹೋಗುತ್ತದೆ. ಗೇರ್ ಬಾಕ್ಸ್ ಒಂದು ಕಡೆ, ಹೌಸಿಂಗ್ ಒಂದು ಕಡೆ, ಕಮಾನಿ ಪಟ್ಟಾ ಇನ್ನೊಂದು ಕಡೆ. ಸೈನ್ಯ, ಅರಣ್ಯ ಇಲಾಖೆ, ಪಿಡಬ್ಲ್ಯುಡಿ ಹರಾಜು ಹಾಕಿದ ಜೀಪುಗಳು ಸಣ್ಣ ಊರಿನ ಗ್ಯಾರೇಜಿಗೆ ಹೋಗಿ, ಇಂಜಿನ್ ಬೋರ್ ಮಾಡಿಸಿಕೊಂಡು, ಹೊಸ ಹುಡ್ ಹಾಕಿಸಿಕೊಂಡು ಬಾಡಿಗೆ ಜೀಪಾಗಿ ಹೊರಬರುತ್ತಿದ್ದವು. ಬಸ್ಸು ಹೋಗದ ಊರಿಗೆ ಬಾಣಂತಿಯನ್ನು, ಅಡಿಕೆ ಮೂಟೆಯನ್ನು, ಮದುವೆ ದಿಬ್ಬಣವನ್ನು ಹೊತ್ತದ್ದು ಇಂಥ ಮರುಹುಟ್ಟಿನ ಜೀಪುಗಳೇ. 1970ರ ದಶಕದಲ್ಲಿ ಪೆಟ್ರೋಲು ತುಟ್ಟಿಯಾದಾಗ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಏರಿಸುವ ಕೆಲಸವೂ ಗ್ಯಾರೇಜುಗಳಲ್ಲಿ ನಡೆಯಿತು. 1979ರಲ್ಲಿ ಮಹೀಂದ್ರ ತಾನೂ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಡೀಸೆಲ್ ಇಂಜಿನ್ ಮಾಡುವ ಪರವಾನಗಿ ಪಡೆಯಿತು.

ಗಾಡಿ ಯಾವುದು, ಕಾಗದ ಯಾವುದು

ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿಗೆ ಕೂತವರಿಗೆ ಒಂದು ಕೆಲಸ ಗೊತ್ತಿರುತ್ತದೆ. ಗಾಡಿಯ ಛಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ಹೊಸ ಗಾಡಿಗೆ ಅದು ಬರೀ ಶಾಸ್ತ್ರ. ಹಳೆಯ ಜೀಪಿಗೆ ಹಾಗಲ್ಲ. ಇಂಜಿನ್ ಬದಲಾಗಿರುತ್ತದೆ, ಗೇರ್ ಬಾಕ್ಸ್ ಬೇರೆ ಗಾಡಿಯದ್ದು, ಬಾಡಿ ಕಟ್ಟಿಸಿದ್ದು ಇನ್ನೆಲ್ಲೋ, ಬಾಗಿಲು ಮೊದಲೇ ಇರಲಿಲ್ಲ. ಹಾಗಾದರೆ ಬ್ಯಾಂಕು ಅಡವು ಇಟ್ಟುಕೊಂಡದ್ದು ಯಾವುದನ್ನು ಮಾರಾಯ್ರೆ? ಆ ಕಬ್ಬಿಣದ ಚೌಕಟ್ಟಿನ ಮೇಲಿನ ಅಂಕಿಗಳನ್ನು ಮಾತ್ರ! ಉಳಿದದ್ದೆಲ್ಲ ಮೇಸ್ತ್ರಿಯ ದಯೆ.

ಕಾನೂನು ಇದನ್ನು ಬಹಳ ಕಾಲ ನೋಡಿಯೂ ನೋಡದ ಹಾಗೆ ಇತ್ತು. ಹರಿಯಾಣ ಪಂಜಾಬ್ ಗಡಿಯ ಮಂಡಿ ಡಬವಾಲಿಯಲ್ಲಿ ಹಳೆಯ ಜೀಪುಗಳನ್ನು ಬಿಚ್ಚಿ, ಅಗಲದ ಟೈರು, ಹೊಳೆಯುವ ಬಂಪರು, ಸಾಲು ಲೈಟು ಹಾಕಿ ತೆರೆದ ಜೀಪು ಕಟ್ಟಿಕೊಡುವುದು ಊರಿನ ದೊಡ್ಡ ಕಸುಬೇ ಆಗಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅರ್ಥವನ್ನು ಗಟ್ಟಿಮಾಡಿತು. ಅದೇ ಮೇಕಿನ, ಅದೇ ಇಂಧನದ ಇಂಜಿನ್ನನ್ನು ಅನುಮತಿ ಪಡೆದು ಹಾಕಿಸಬಹುದು. ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ.

ತೀರ್ಪಿನ ಹಿಂದಿನ ಕಾಳಜಿ ಸುಳ್ಳಲ್ಲ. ಬಾಗಿಲಿಲ್ಲದ, ಬೆಲ್ಟಿಲ್ಲದ, ದೊಡ್ಡ ಟೈರು ಹಾಕಿ ಎತ್ತರವಾದ ಜೀಪು ತಿರುವಿನಲ್ಲಿ ಮಗುಚಿದರೆ ಒಳಗಿದ್ದವರ ಗತಿ ಏನು? ಶೋಕಿಯ ಬದಲಾವಣೆಗೆ ಕಡಿವಾಣ ಬೇಕು, ಒಪ್ಪುತ್ತೇನೆ. ಆದರೆ ತಯಾರಕರ ಮೂಲ ವಿವರವನ್ನೇ ಶ್ರುತಿಯಂತೆ ಹಿಡಿದಿದ್ದರೆ ಜೀಪಿನ ಚರಿತ್ರೆಯ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲ. ನನಗೆ ಹೆಚ್ಚು ಚುಚ್ಚುವುದು ಇನ್ನೊಂದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದಾಗಿ, ಅವು ನೋಂದಾಯಿತ ಗುಜರಿ ಕೇಂದ್ರಗಳಿಗೇ ಹೋಗಬೇಕಾಯಿತು. ಹೊಗೆಯ ದೃಷ್ಟಿಯಿಂದ ಸರಿ ಇರಬಹುದು. ಆದರೆ ಇಲಾಖೆಯ ಅಂಗಳದಿಂದ ಹರಾಜಿಗೆ, ಹರಾಜಿನಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಘಟ್ಟದ ರಸ್ತೆಗೆ ಇದ್ದ ದಾರಿ ಅಲ್ಲಿಗೆ ಮುಚ್ಚಿತು.

ಅಮೆರಿಕಕ್ಕೆ ಮರಳಿ ಹೋದ ಮೊಮ್ಮಗ

ಇನ್ನು ಕಥೆಯ ಕೊನೆಯ ತಿರುವು. 1988ರಲ್ಲಿ ಕವಾಸಾಕಿ ಮ್ಯೂಲ್ ಎಂಬ ಗಾಡಿ ಬಂದಾಗಿನಿಂದ ಅಮೆರಿಕದಲ್ಲಿ ಸೈಡ್-ಬೈ-ಸೈಡ್ ಗಾಡಿಗಳ ಸಂತೆ ಬೆಳೆಯುತ್ತಾ ಹೋಯಿತು. ಪೋಲಾರಿಸ್, ಯಮಾಹಾ ಎಲ್ಲ ಬಂದರು. ಬಹುಪಾಲು ಗಾಡಿಗಳಲ್ಲಿ ಗೇರ್ ಬಾಕ್ಸಿನ ಬದಲು ರಬ್ಬರ್ ಬೆಲ್ಟು. ಭಾರ ಹೆಚ್ಚಾದರೆ, ಕೆಸರಲ್ಲಿ ಜಾಸ್ತಿ ಎಳೆದರೆ ಬೆಲ್ಟು ಸುಡುತ್ತದೆ. ಬೆಲ್ಟು, ಧೂಳು ಕಟ್ಟಿದ ಏರ್ ಫಿಲ್ಟರು, ಇಳಿದುಹೋದ ಬ್ಯಾಟರಿ, ಇವು ಆ ಗಾಡಿಗಳ ದಿನನಿತ್ಯದ ತಲೆನೋವು.

2018ರಲ್ಲಿ ಮಿಷಿಗನ್ ರಾಜ್ಯದ ಆಬರ್ನ್ ಹಿಲ್ಸ್ ಎಂಬಲ್ಲಿ ಮಹೀಂದ್ರ ಕಂಪನಿ ರಾಕ್ಸರ್ ಎಂಬ ಗಾಡಿ ಬಿಡುಗಡೆ ಮಾಡಿತು. ಭಾರತದಿಂದ ಬಿಡಿಭಾಗ ಹೋಗಿ ಅಲ್ಲಿ ಜೋಡಣೆ. 1947ರಲ್ಲಿ ಅಲ್ಲಿಂದ ಇಲ್ಲಿಗೆ ಪೆಟ್ಟಿಗೆ ಬಂದಿತ್ತು, ಈಗ ಇಲ್ಲಿಂದ ಅಲ್ಲಿಗೆ ಹೋಯಿತು! ಉಕ್ಕಿನ ಬಾಡಿ, ಏಣಿಯಂಥ ಛಾಸಿ, ಲೀಫ್ ಸ್ಪ್ರಿಂಗು, ಐದು ಗೇರು, 2.5 ಲೀಟರಿನ 62 ಅಶ್ವಶಕ್ತಿಯ ಡೀಸೆಲ್ ಇಂಜಿನ್. ಯುದ್ಧಕಾಲದ 60 ಅಶ್ವಶಕ್ತಿಗೆ ಎಷ್ಟು ಹತ್ತಿರ ನೋಡಿ. ಹೆದ್ದಾರಿಯ ಗಾಡಿಯಾಗಿ ಅಲ್ಲ, ಹೊಲ ಕಾಡಿನ ಸೈಡ್-ಬೈ-ಸೈಡ್ ಆಗಿ ಮಾರಾಟ. ವೇಗವನ್ನು ಕಾರ್ಖಾನೆಯಲ್ಲೇ ಗಂಟೆಗೆ 45 ಮೈಲಿಗೆ, ಅಂದರೆ ಸುಮಾರು 72 ಕಿ.ಮೀ.ಗೆ ಕಟ್ಟಿಹಾಕಿದ್ದರು. ಕೊಂಡವರು ಸುಮ್ಮನಿದ್ದರೇ? ಮೇಲ್ಛಾವಣಿ, ಬಾಗಿಲು, ವಿಂಚು, ದೊಡ್ಡ ಟೈರು ಹಾಕಿಸಿಕೊಂಡರು. ಡಬವಾಲಿಯವರು ಮಾಡಿದ್ದನ್ನೇ ಅವರೂ ಮಾಡಿದರು.

ಅದೇ 2018ರ ಆಗಸ್ಟಿನಲ್ಲಿ ಜೀಪು ಹೆಸರಿನ ಅಂದಿನ ಒಡೆಯರಾದ ಫಿಯಟ್ ಕ್ರೈಸ್ಲರ್ ಕಂಪನಿ, ರಾಕ್ಸರ್‌ನ ರೂಪ ನಮ್ಮ ಜೀಪಿನದ್ದು ಎಂದು ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. 2020ರ ಜೂನಿನಲ್ಲಿ ಆಯೋಗ ಆ ರೂಪದ ಗಾಡಿಗೆ ನಿಷೇಧ ಹಾಕಿತು. ಮಹೀಂದ್ರ ಮುಂಭಾಗ ಬದಲಿಸಿತು. ಹೊಸ ಮುಖದ ಗಾಡಿ ಉಲ್ಲಂಘನೆಯಲ್ಲ ಎಂದು ಆಯೋಗ ಅದೇ ವರ್ಷದ ಡಿಸೆಂಬರಿನಲ್ಲಿ ಹೇಳಿತು. ಕೋರ್ಟಿನ ಜಗಳ ಆಮೇಲೂ ಕೆಲ ಕಾಲ ನಡೆಯಿತು.

ಕಾಗದದ ಪ್ರಕಾರ ಹೆಸರು ಯಾರದ್ದೋ ರೂಪವೂ ಅವರದ್ದೇ, ಅದರಲ್ಲಿ ಗೊಂದಲವಿಲ್ಲ. ಆದರೆ ಚರಿತ್ರೆಯ ಪ್ರಕಾರ? ಮೊದಲ ಗಾಡಿ ತಂದು ನಿಲ್ಲಿಸಿದ್ದು ಬ್ಯಾಂಟಮ್. ಮುಖದ ತಗಡು ಒತ್ತಿದ್ದು ಫೋರ್ಡ್. ಜೀಪನ್ನು ತಾನೊಬ್ಬನೇ ಸೃಷ್ಟಿಸಿದೆ ಎಂದು ಜಾಹೀರಾತು ಕೊಡಬಾರದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1948ರಲ್ಲಿ ವಿಲ್ಲಿಸ್‌ಗೆ ಹೇಳಿತ್ತು. ಎರಡು ವರ್ಷದ ನಂತರ, 1950ರಲ್ಲಿ, ಜೀಪು ಎಂಬ ಟ್ರೇಡ್‌ಮಾರ್ಕ್ ವಿಲ್ಲಿಸ್‌ಗೇ ಸಿಕ್ಕಿತು. ಆಮೇಲೆ ಹೆಸರು ಕಂಪನಿಯಿಂದ ಕಂಪನಿಗೆ ಮಾರಾಟವಾಗುತ್ತಾ ಬಂತು.

ಈ ಎಲ್ಲ ಲೆಕ್ಕದಲ್ಲಿ ಮೇಸ್ತ್ರಿಯ ಖಾತೆಯೇ ಇಲ್ಲ. ಒಂದು ಗಾಡಿಯನ್ನು ಐವತ್ತು ಅರವತ್ತು ವರ್ಷ ಓಡಿಸಿದವನಿಗೆ ಪೇಟೆಂಟೂ ಇಲ್ಲ, ಟ್ರೇಡ್‌ಮಾರ್ಕೂ ಇಲ್ಲ, ಆರ್‌ಸಿ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಇಂದಿನ ಗಾಡಿಯ ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ದೋಷ ಹೇಳುವುದು ಲ್ಯಾಪ್‌ಟಾಪು, ಅದೂ ಕಂಪನಿ ಪಾಸ್‌ವರ್ಡ್ ಕೊಟ್ಟವರಿಗೆ ಮಾತ್ರ. ಎರಡು ಕೈಯಿಂದ ಚಕ್ರ ಅಲ್ಲಾಡಿಸಿ ರೋಗ ಹೇಳುವ ವಿದ್ಯೆ ಯಾವ ಪುಸ್ತಕಕ್ಕೂ ಏರದೆ ಆ ತಲೆಮಾರಿನ ಜೊತೆಗೇ ಹೋಗುತ್ತಿದೆ.

ಮುಂದಿನ ಸಲ ಊರಿಗೆ ಹೋದಾಗ ಕೊಲ್ಲೂರಲ್ಲೋ, ಮಡಿಕೇರಿಯ ಮಾಂದಲಪಟ್ಟಿ ದಾರಿಯಲ್ಲೋ ಜೀಪು ಹತ್ತಿದರೆ ಡ್ರೈವರನ್ನು ಸುಮ್ಮನೆ ಒಂದು ಮಾತು ಕೇಳಿ, ಈ ಗಾಡಿಯ ಇಂಜಿನ್ ಇಳಿಸಿ ಕಟ್ಟಿದವರು ಯಾರು ಅಂತ. ಹೆಸರು ಹೇಳುತ್ತಾರೆ. ಆ ಮೇಸ್ತ್ರಿ ಇನ್ನೂ ಇದ್ದರೆ ಗ್ಯಾರೇಜಿಗೆ ಹೋಗಿ ಅರ್ಧ ಗಂಟೆ ಕೂತು, ಅವರು ಹೇಳಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಕಂಪನಿಯ ಚರಿತ್ರೆ ಬರೆಯಲು ಕಂಪನಿಯವರಿದ್ದಾರೆ. ಇದನ್ನು ಬರೆಯಲು ನಾವೇ ಇರುವುದು.